ವಿದ್ಯುತ್ ವಾಹನಗಳು ಮತ್ತು ವಿದ್ಯುತ್ ಜಾಲ

ಬ್ಯಾಟರಿಯಿಂದ ಓಡುವ ವಾಹನಗಳು ಯಾವ ಹೊತ್ತಿನಲ್ಲಿ ಚಾರ್ಜ್ ಆಗಬೇಕು, ಎಷ್ಟು ವೇಗದಲ್ಲಿ ಆಗಬೇಕು, ಅಗತ್ಯ ಬಿದ್ದರೆ ತಮ್ಮಲ್ಲಿರುವ ವಿದ್ಯುತ್ತನ್ನು ಯಾವಾಗ ವಾಪಸು ಕೊಡಬೇಕು ಎಂಬುದನ್ನು ವಿದ್ಯುತ್ ಜಾಲದ ಪರಿಸ್ಥಿತಿಗೆ ಹೊಂದಿಸುವ ತಂತ್ರ, ದರ ಮತ್ತು ನಿಯಮಗಳ ಒಟ್ಟು ವ್ಯವಸ್ಥೆಯನ್ನು ವಾಹನ-ಜಾಲ ಹೊಂದಾಣಿಕೆ ಎನ್ನಬಹುದು. ಇದರ ಸರಳ ರೂಪ ಚಾರ್ಜಿಂಗ್ ಹೊತ್ತನ್ನು ಹಿಂದೆ ಮುಂದೆ ಮಾಡುವುದು. ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಚಾರ್ಜ್ ಆಗುತ್ತಿರುವಾಗಲೇ ಅದರ ವೇಗವನ್ನು ಏರಿಳಿಸುವುದು. ಮೂರನೆಯದು ವಾಹನದ ಬ್ಯಾಟರಿಯಿಂದ ಜಾಲಕ್ಕೆ ವಿದ್ಯುತ್ ಹಿಂದಿರುಗಿಸುವ ದ್ವಿಮುಖ ಪದ್ಧತಿ. ಸುದ್ದಿಯಾಗುವುದು ಹೆಚ್ಚಾಗಿ ಮೂರನೆಯದು. ಜಾಲಕ್ಕೆ ಸದ್ಯ ಹೆಚ್ಚು ಪ್ರಯೋಜನವಾಗುತ್ತಿರುವುದು ಮೊದಲೆರಡರಿಂದ.

ಫ್ಯಾನು, ದೀಪ, ಮಿಕ್ಸಿಗಳಿಗೆ ಗುಂಡಿ ಒತ್ತಿದ ಕ್ಷಣದಲ್ಲೇ ಕರೆಂಟು ಬೇಕು. ವಾಹನ ಓಡುವ ಹೊತ್ತು ಬೇರೆ, ಚಾರ್ಜ್ ಆಗುವ ಹೊತ್ತು ಬೇರೆ. ಈ ವಿಷಯವೆಲ್ಲ ಹುಟ್ಟಿರುವುದು ಆ ಅಂತರದಿಂದ. ದಿನಕ್ಕೆ 40 ಕಿ.ಮೀ. ಓಡುವ ಕಾರಿಗೆ ಆರೇಳು ಯೂನಿಟ್ ಸಾಕು. ಮನೆಯ 16 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್‌ನಂತೆ ತುಂಬಿಸಿದರೂ ಎರಡೂವರೆ ಗಂಟೆಯ ಕೆಲಸ. ಉಳಿದಂತೆ ಅದು ಮನೆ ಮುಂದೆಯೋ ಆಫೀಸಿನ ಬೇಸ್‌ಮೆಂಟಿನಲ್ಲೋ ನಿಂತಿರುತ್ತದೆ. ಆ ಎರಡೂವರೆ ಗಂಟೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಎಲ್ಲಿ ಬರಬೇಕು ಎನ್ನುವುದನ್ನು ಸವಾರನ ಬದಲು ಬೇರೆ ಯಾರಾದರೂ ನಿರ್ಧರಿಸಿದರೂ, ಬೆಳಗ್ಗೆ ಬ್ಯಾಟರಿ ತುಂಬಿದ್ದರೆ ಸವಾರನಿಗೆ ತಕರಾರಿಲ್ಲ.

ಕರ್ನಾಟಕದ ಮಟ್ಟಿಗೆ ಒಂದು ಲೆಕ್ಕ ಹಾಕಿ ನೋಡಬಹುದು. ರಾಜ್ಯದಲ್ಲಿ 10 ಲಕ್ಷ ವಿದ್ಯುತ್ ಸ್ಕೂಟರುಗಳಿವೆ, ಪ್ರತಿಯೊಂದೂ ದಿನಕ್ಕೆ 30 ಕಿ.ಮೀ. ಓಡುತ್ತದೆ ಎಂದುಕೊಳ್ಳೋಣ. ತಲಾ ಒಂದು ಯೂನಿಟ್‌ನಂತೆ ದಿನಕ್ಕೆ 10 ಲಕ್ಷ ಯೂನಿಟ್. ಬೇಸಿಗೆಯಲ್ಲಿ ರಾಜ್ಯದ ಒಂದು ದಿನದ ಬಳಕೆ 30 ಕೋಟಿ ಯೂನಿಟ್ ದಾಟಿದ್ದುಂಟು. ಅದರಲ್ಲಿ ಇದು ಶೇಕಡ ಅರ್ಧವೂ ಆಗುವುದಿಲ್ಲ. ಆದರೆ ಕೆಲಸದಿಂದ ಬಂದವರೆಲ್ಲ ಸಂಜೆ ಏಳಕ್ಕೆ ಒಟ್ಟಿಗೆ ಪ್ಲಗ್ ಹಾಕಿದರೆ, ಒಂದೊಂದು ಚಾರ್ಜರ್ 700 ವ್ಯಾಟ್ ಎಳೆದರೂ, ಆ ಹೊತ್ತಿಗೆ 700 ಮೆಗಾವ್ಯಾಟ್ ಹೆಚ್ಚುವರಿ ಬೇಕು. ಶರಾವತಿ ವಿದ್ಯುದಾಗಾರದ ಒಂದು ಘಟಕದ ಸಾಮರ್ಥ್ಯ 103.5 ಮೆಗಾವ್ಯಾಟ್, ಅಂಥವು ಹತ್ತಿವೆ. ಸ್ಕೂಟರುಗಳಿಗಾಗಿಯೇ ಏಳು ಘಟಕ ಓಡಬೇಕಾಯಿತು. ಅದೇ 10 ಲಕ್ಷ ಯೂನಿಟ್ಟನ್ನು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹರಡಿದರೆ ಸುಮಾರು 170 ಮೆಗಾವ್ಯಾಟ್ ಸಾಕು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ಬಿಸಿಲಿನಲ್ಲಿ ಉರಿಯುವ ಹೊತ್ತಿಗೆ ಅಷ್ಟು ಹೆಚ್ಚುವರಿ ಬೇಡಿಕೆ ಗಮನಕ್ಕೂ ಬಾರದು.

ಸಮತೋಲನ ಮತ್ತು 50 ಹರ್ಟ್ಸ್

ವಿದ್ಯುತ್ ಜಾಲದ ತಂತಿಗಳಲ್ಲಿ ದಾಸ್ತಾನು ಇರುವುದಿಲ್ಲ. ಆಯಾ ಕ್ಷಣದಲ್ಲಿ ಬಳಕೆಯಾಗುವಷ್ಟು ಆಯಾ ಕ್ಷಣದಲ್ಲೇ ಉತ್ಪಾದನೆಯಾಗಬೇಕು. ಬಳಕೆ ಮೀರಿದರೆ ಜನರೇಟರುಗಳ ತಿರುಗುವ ವೇಗ ತಗ್ಗುತ್ತದೆ, ಅದರೊಂದಿಗೆ ಜಾಲದ ಆವೃತ್ತಿ, ಅಂದರೆ ಫ್ರೀಕ್ವೆನ್ಸಿ, 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ. ಉತ್ಪಾದನೆ ಮೀರಿದರೆ ಮೇಲೇರುತ್ತದೆ. ಭಾರತದ ಗ್ರಿಡ್ ಸಂಹಿತೆ ಇದನ್ನು 49.90 ಮತ್ತು 50.05 ಹರ್ಟ್ಸ್‌ಗಳ ನಡುವೆ ಇಡಬೇಕೆನ್ನುತ್ತದೆ. ದಕ್ಷಿಣದ ರಾಜ್ಯಗಳ ಮಟ್ಟಿಗೆ ಇದರ ಮೇಲೆ ಹಗಲಿರುಳು ಕಣ್ಣಿಟ್ಟಿರುವುದು ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ.

2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಜಾಲಗಳು ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತಾಗ ದಕ್ಷಿಣ ಪಾರಾಗಿತ್ತು. ಅದರ ಜಾಲ ಆಗಿನ್ನೂ ಉಳಿದ ದೇಶದ ಲಯಕ್ಕೆ ಕೂಡಿಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಆವೃತ್ತಿಯಲ್ಲಿ ಓಡುವ ಒಂದೇ ಜಾಲವಾಯಿತು. ಈಗ ಹುಬ್ಬಳ್ಳಿಯ ಪ್ಲಗ್ಗಿನಲ್ಲಿ ಅಳೆದರೂ ಗುವಾಹಟಿಯಲ್ಲಿ ಅಳೆದರೂ ಸಿಗುವ ಅಂಕಿ ಹೆಚ್ಚುಕಡಿಮೆ ಒಂದೇ. ವಾಹನಗಳ ಪಾಲಿಗೆ ಇದು ದೊಡ್ಡ ಅನುಕೂಲ. ಜಾಲಕ್ಕೆ ಉಸಿರು ಕಟ್ಟುತ್ತಿದೆಯೇ ಎಂದು ತಿಳಿಯಲು ಚಾರ್ಜರ್ ಯಾರನ್ನೂ ಕೇಳಬೇಕಾಗಿಲ್ಲ. ತನ್ನ ತಂತಿಯಲ್ಲೇ ಓದಿಕೊಳ್ಳಬಹುದು. ಆವೃತ್ತಿ ಬಿದ್ದೊಡನೆ ಚಾರ್ಜಿಂಗ್ ತಗ್ಗಿಸುವುದು ಬ್ಯಾಟರಿಗೆ ಒಂದೆರಡು ಸೆಕೆಂಡಿನ ಕೆಲಸ. ಜಲವಿದ್ಯುತ್ ಘಟಕಕ್ಕೆ ನಿಮಿಷಗಳು ಬೇಕು, ತಣ್ಣಗಿರುವ ಕಲ್ಲಿದ್ದಲು ಬಾಯ್ಲರಿಗೆ ಗಂಟೆಗಳೇ ಬೇಕು.

ಒಂದು ಕಾರಿನ ಏಳು ಕಿಲೊವ್ಯಾಟ್ ಜಾಲಕ್ಕೆ ಲೆಕ್ಕಕ್ಕಿಲ್ಲ. ಹಳ್ಳಿಯ ಡೇರಿಗೆ ಮನೆಮನೆಯಿಂದ ಎರಡು ಮೂರು ಲೀಟರ್ ಹಾಲು ಬಂದು ಟ್ಯಾಂಕರ್ ತುಂಬುವಂತೆ, ಸಾವಿರಾರು ವಾಹನಗಳನ್ನು ಒಟ್ಟು ಮಾಡಿ ಒಂದೇ ದೊಡ್ಡ ಸಾಮರ್ಥ್ಯವಾಗಿ ಜಾಲಕ್ಕೆ ಮಾರುವ ಮಧ್ಯವರ್ತಿ ಸಂಸ್ಥೆಗಳು ಬೇಕು. ಇವನ್ನು ಅಗ್ರಿಗೇಟರ್ ಎನ್ನುತ್ತಾರೆ. ಯಾವ ವಾಹನ ಎಷ್ಟು ಹೊತ್ತಿಗೆ ಹೊರಡಬೇಕು, ಆಗ ಬ್ಯಾಟರಿಯಲ್ಲಿ ಕನಿಷ್ಠ ಎಷ್ಟಿರಬೇಕು ಎಂಬ ಮಾತನ್ನು ಮಾಲೀಕನಿಂದ ಪಡೆದು, ಅದರ ಮಿತಿಯೊಳಗೆ ಉಳಿದದ್ದನ್ನು ಹೊಂದಿಸುವುದು ಇವುಗಳ ಕೆಲಸ.

ಬೀದಿಯ ಟಿ.ಸಿ.ಯಲ್ಲಿ ಆಗುವುದು

ದೇಶದ ಮಟ್ಟದ ಲೆಕ್ಕ ಸರಿಹೋದರೂ ಬೀದಿಯಲ್ಲಿ ತಪ್ಪಬಹುದು. 11 ಕಿಲೊವೋಲ್ಟ್ ಲೈನಿನಿಂದ ಮನೆಗಳಿಗೆ ವೋಲ್ಟೇಜ್ ಇಳಿಸಿಕೊಡುವ, ಜನ ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರ್ ಈ ಕಥೆಯ ಅತಿ ಮೆದುವಾದ ಜಾಗ. 100 ಕೆವಿಎ ಟಿ.ಸಿ. ಒಂದು ಬಡಾವಣೆಯ ಐವತ್ತು ಅರವತ್ತು ಮನೆಗಳನ್ನು ನಡೆಸುತ್ತಿರುತ್ತದೆ. ಪ್ರತಿ ಮನೆಗೂ ಮೂರೋ ಐದೋ ಕಿಲೊವ್ಯಾಟ್ ಲೋಡ್ ಮಂಜೂರಾಗಿದ್ದರೂ ಎಲ್ಲರೂ ಒಟ್ಟಿಗೆ ಗೀಜರ್ ಹಾಕುವುದಿಲ್ಲ ಎಂಬ ಭರವಸೆಯ ಮೇಲೆ ಆ ಲೆಕ್ಕ ನಿಂತಿದೆ. ಗೋಡೆಗೆ ಕೂರಿಸುವ 32 ಆಂಪಿಯರ್‌ನ ಕಾರು ಚಾರ್ಜರ್ 7.4 ಕಿಲೊವ್ಯಾಟ್ ಎಳೆಯುತ್ತದೆ, ಅದೂ ಗೀಜರಿನಂತೆ ಹತ್ತು ನಿಮಿಷವಲ್ಲ, ಗಂಟೆಗಟ್ಟಲೆ. ಆ ಬೀದಿಯಲ್ಲಿ ಹನ್ನೆರಡು ಕಾರು ಒಂದೇ ಹೊತ್ತಿಗೆ ಸಿಕ್ಕಿಸಿಕೊಂಡರೆ 89 ಕಿಲೊವ್ಯಾಟ್. ಮನೆಗಳಿಗೆ ಉಳಿಯುವುದು ಅಷ್ಟಕ್ಕಷ್ಟೆ.

ಹಾಗಾದರೆ ಎಲ್ಲವನ್ನೂ ನಡುರಾತ್ರಿಗೆ ತಳ್ಳಿದರೆ ಮುಗಿಯಿತಲ್ಲ ಎನಿಸುತ್ತದೆ. ಇಲ್ಲೊಂದು ತೊಡಕಿದೆ. ಟಿ.ಸಿ.ಯೊಳಗಿನ ಎಣ್ಣೆ ಮತ್ತು ಕಾಗದದ ನಿರೋಧಕಕ್ಕೆ ರಾತ್ರಿ ತಣ್ಣಗಾಗುವ ಬಿಡುವು ಬೇಕು. ಸುರುಳಿಯ ಅತಿ ಬಿಸಿ ಜಾಗದ ಉಷ್ಣತೆ ಗೊತ್ತಾದ ಮಿತಿಯನ್ನು ಮೀರಿ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿದಾಗಲೂ ಆ ಕಾಗದ ಹಳತಾಗುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂತರರಾಷ್ಟ್ರೀಯ ಮಾನಕದ ಸೂತ್ರ. ಹಗಲು ಏ.ಸಿ., ಸಂಜೆ ದೀಪ, ರಾತ್ರಿಯಿಡೀ ಕಾರು ಎಂದಾದರೆ ರಾಜ್ಯದ ಬೇಡಿಕೆಯ ರೇಖೆ ಚೆಂದವಾಗಿ ಸಪಾಟಾಗುತ್ತದೆ, ಬೀದಿಯ ಟಿ.ಸಿ. ಮಾತ್ರ ಬೇಗ ಸುಡುತ್ತದೆ. ಹಾಗಾಗಿ ಮೇಲಿನ ಜಾಲಕ್ಕೆ ಹಿತವಾದದ್ದು ಕೆಳಗಿನ ಜಾಲಕ್ಕೂ ಹಿತವೆಂದು ತಿಳಿಯುವ ಹಾಗಿಲ್ಲ. ಈ ವಿಷಯದ ಎಷ್ಟೋ ಉತ್ಸಾಹದ ಬರಹಗಳು ಈ ಒಂದು ಕಡೆ ಮೌನವಾಗಿರುತ್ತವೆ.

ಚಾರ್ಜಿಂಗ್ ವೇಗವನ್ನು ಏರಿಳಿಸುವ ತಂತ್ರ ಮಾತ್ರ ಆಶ್ಚರ್ಯವಾಗುವಷ್ಟು ಸರಳ. ಕಾರಿನ ಕೇಬಲ್ಲಿನಲ್ಲಿ ವಿದ್ಯುತ್ ಹರಿಯುವ ತಂತಿಗಳ ಜೊತೆಗೆ ಕಂಟ್ರೋಲ್ ಪೈಲಟ್ ಎಂಬ ಸಣ್ಣ ತಂತಿಯೊಂದಿದೆ. ಅದರಲ್ಲಿ ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಸಂಕೇತ ಹರಿಯುತ್ತದೆ. ಪ್ರತಿ ಮಿಡಿತದಲ್ಲಿ ಸಂಕೇತ ಎಷ್ಟು ಪಾಲು ಹೊತ್ತು 'ಆನ್' ಇರುತ್ತದೆ ಎಂಬುದರಿಂದ ಕಾರು ತಾನು ಎಷ್ಟು ಆಂಪಿಯರ್ ಎಳೆಯಬಹುದು ಎಂದು ತಿಳಿದುಕೊಳ್ಳುತ್ತದೆ. ಸಾಮಾನ್ಯ ವ್ಯಾಪ್ತಿಯಲ್ಲಿ ಶೇ. 50 ಎಂದರೆ 30 ಆಂಪಿಯರ್, ಶೇ. 10 ಎಂದರೆ 6 ಆಂಪಿಯರ್. ಚಾರ್ಜರ್ ಈ ಪಾಲನ್ನು ಬದಲಿಸಿದರೆ ಕಾರು ಕೆಲವೇ ಸೆಕೆಂಡುಗಳಲ್ಲಿ ತಗ್ಗುತ್ತದೆ ಅಥವಾ ಹಿಗ್ಗುತ್ತದೆ. ಸಾಧಾರಣ ಎ.ಸಿ. ಚಾರ್ಜರ್ ಕೂಡ ಇದನ್ನು ಮಾಡಬಲ್ಲದು. ಬೇಕಾದದ್ದು ಅದಕ್ಕೆ ಹೊರಗಿನಿಂದ ಸೂಚನೆ ತಲುಪಿಸುವ ಒಂದು ಸಂಪರ್ಕ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮಾಲೀಕರ ಸಂಘದ ಸಭೆ ಬಿಸಿಯೇರುವುದು ಮಂಜೂರಾದ ಲೋಡ್ ಮುಗಿದುಹೋಗುತ್ತದೆ ಎಂಬ ಹೆದರಿಕೆಯಿಂದ. ಎಲ್ಲ ಚಾರ್ಜರುಗಳಿಗೂ ಸೇರಿ ಒಂದು ಒಟ್ಟು ಮಿತಿ ಹಾಕಿ, ಅದನ್ನು ಆ ಹೊತ್ತಿಗೆ ಚಾರ್ಜ್ ಆಗುತ್ತಿರುವ ಕಾರುಗಳಿಗೆ ಹಂಚುವ ಪೆಟ್ಟಿಗೆ ಕೂರಿಸಿದರೆ ಆ ಜಗಳದ ಬಹುಪಾಲು ತಣ್ಣಗಾಗುತ್ತದೆ, ಹೊಸ ಟ್ರಾನ್ಸ್‌ಫಾರ್ಮರಿನ ಖರ್ಚೂ ಮುಂದೆ ಹೋಗುತ್ತದೆ.

ಇತಿಹಾಸ

ವಾಹನ ಮತ್ತು ಜಾಲ ಒಂದಕ್ಕೊಂದು ನೆರವಾಗಬೇಕೆಂಬ ಆಲೋಚನೆ ಹೊಸದಲ್ಲ. 1910ರ ದಶಕದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳಿಗೆ ಸಂಜೆ ದೀಪದ ಹೊತ್ತಿನಲ್ಲಿ ಕೈತುಂಬ ಕೆಲಸ, ರಾತ್ರಿ ಯಂತ್ರಗಳು ಖಾಲಿ. ಆ ಖಾಲಿ ಹೊತ್ತನ್ನು ತುಂಬಲು ಅವು ವಿದ್ಯುತ್ ಲಾರಿಗಳನ್ನು ಪ್ರೋತ್ಸಾಹಿಸಿದವು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ 1912ರಲ್ಲಿ ಬ್ಯಾಟರಿ ಬದಲಾವಣೆಯ ಸೇವೆಯನ್ನೇ ಆರಂಭಿಸಿತು. ಗಿರಾಕಿ ಬ್ಯಾಟರಿಯಿಲ್ಲದ ಲಾರಿ ಕೊಳ್ಳುವುದು, ಖಾಲಿಯಾದ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಪಡೆಯುವುದು, ಓಡಿದ ಮೈಲಿಗಳ ಲೆಕ್ಕದಲ್ಲಿ ಹಣ ಕೊಡುವುದು. ಪೆಟ್ರೋಲ್ ಗೆದ್ದ ಮೇಲೆ 1920ರ ದಶಕದಲ್ಲಿ ಈ ಸೇವೆ ನಿಂತುಹೋಯಿತು.

ವಾಹನದಿಂದ ಜಾಲಕ್ಕೆ ವಿದ್ಯುತ್ ಮಾರಬಹುದೆಂಬ ಇಂದಿನ ಕಲ್ಪನೆಗೆ ಶಾಸ್ತ್ರೀಯ ರೂಪ ಕೊಟ್ಟವರು ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡರ್. 1997ರ ಅವರ ಪ್ರಬಂಧ ಬಂದಾಗ ರಸ್ತೆಯ ಮೇಲೆ ಹೇಳಿಕೊಳ್ಳುವಷ್ಟು ವಿದ್ಯುತ್ ಕಾರುಗಳೇ ಇರಲಿಲ್ಲ. ಬೆಂಗಳೂರಿನ ವಿದ್ಯುತ್ ಕಾರು ರೇವಾ ಮಾರುಕಟ್ಟೆಗೆ ಬಂದದ್ದು ಅದಕ್ಕೂ ನಾಲ್ಕು ವರ್ಷ ತಡವಾಗಿ, 2001ರಲ್ಲಿ. ಕೆಂಪ್ಟನ್ ಕೆಲಸ ಮಾಡುತ್ತಿದ್ದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ನಿಲ್ಲಿಸಿದ್ದ ಕಾರುಗಳು 2013ರಲ್ಲಿ ಅಮೆರಿಕದ ಪೂರ್ವಭಾಗದ ದೊಡ್ಡ ಜಾಲವಾದ ಪಿಜೆಎಂಗೆ ಆವೃತ್ತಿ ನಿಯಂತ್ರಣದ ಸೇವೆ ಮಾರಿ ಹಣ ಗಳಿಸಿದವು. ಡೆನ್ಮಾರ್ಕಿನ ಫ್ರೆಡರಿಕ್ಸ್‌ಬರ್ಗ್‌ನಲ್ಲಿ 2016ರಿಂದ ನಗರದ ಸೇವಾ ಸಂಸ್ಥೆಯೊಂದರ ಹತ್ತು ನಿಸ್ಸಾನ್ ವ್ಯಾನುಗಳು ಹಗಲು ಊರ ಕೆಲಸ ಮಾಡಿ, ಸಂಜೆಯಿಂದ ಬೆಳಗಿನವರೆಗೆ ಜಾಲದ ಕೆಲಸ ಮಾಡಿದವು.

ಜಪಾನಿನ ದಾರಿ ಬೇರೆ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಪೆಟ್ರೋಲ್ ಸಿಗದ ಊರುಗಳಲ್ಲಿ ವಿದ್ಯುತ್ ಕಾರುಗಳು ಓಡಾಡಿದ್ದನ್ನು, ಅವುಗಳ ಬ್ಯಾಟರಿಯಲ್ಲಿ ಒಂದು ಮನೆಗೆ ಬೇಕಾಗುವಷ್ಟು ಕರೆಂಟು ಇದ್ದದ್ದನ್ನು ಜನ ಕಂಡರು. ಮರುವರ್ಷವೇ ನಿಸ್ಸಾನ್ ಲೀಫ್ ಕಾರಿನಿಂದ ಮನೆಗೆ ವಿದ್ಯುತ್ ಕೊಡುವ ಪೆಟ್ಟಿಗೆ ಮಾರಾಟಕ್ಕೆ ಬಂತು. ಜಪಾನಿನ ಚಾಡೆಮೊ ಚಾರ್ಜಿಂಗ್ ಮಾನಕ ದ್ವಿಮುಖ ಹರಿವಿಗೆ ಬೇಗನೆ ಜಾಗ ಕೊಟ್ಟದ್ದರಿಂದ, ಮೊದಲ ಹತ್ತು ವರ್ಷಗಳ ಪ್ರಯೋಗಗಳಲ್ಲಿ ಬಹುಪಾಲು, ಯಾವ ದೇಶದ್ದೇ ಆಗಲಿ, ನಿಸ್ಸಾನ್ ವಾಹನಗಳ ಮೇಲೆಯೇ ನಡೆದವು. ಯುರೋಪಿನ ಮಾನಕ ಈ ಸೌಲಭ್ಯವನ್ನು ಪೂರ್ತಿಯಾಗಿ ಬರೆದುಕೊಂಡದ್ದು 2022ರಲ್ಲಿ, ಐಎಸ್ಒ 15118ರ ಇಪ್ಪತ್ತನೆಯ ಭಾಗ ಪ್ರಕಟವಾದಾಗ. ನೆದರ್ಲೆಂಡ್ಸಿನ ಊಟ್ರೆಕ್ಟ್ ನಗರದಲ್ಲಿ ಬಾಡಿಗೆಗೆ ಹಂಚಿಕೊಳ್ಳುವ ರೆನೋ ಕಾರುಗಳನ್ನು 2025ರಲ್ಲಿ ದ್ವಿಮುಖವಾಗಿ ಬೀದಿಯ ಜಾಲಕ್ಕೆ ಜೋಡಿಸಿದ್ದಾರೆ. ಅದೇ ವರ್ಷ ಚೀನಾ ಒಂಬತ್ತು ನಗರಗಳನ್ನು ಇಂಥ ಪ್ರಯೋಗಕ್ಕೆ ಆರಿಸಿತು.

ನಿಜವಾದ ಅಪಘಾತವೊಂದರಲ್ಲಿ ಈ ಪದ್ಧತಿ ಪರೀಕ್ಷೆಗೆ ಒಳಗಾದ ಪ್ರಸಂಗ ಆಸ್ಟ್ರೇಲಿಯಾದ್ದು. 2024ರ ಫೆಬ್ರವರಿ 13ರಂದು ವಿಕ್ಟೋರಿಯಾ ರಾಜ್ಯದಲ್ಲಿ ಬಿರುಗಾಳಿಗೆ ಹೈಟೆನ್ಷನ್ ಗೋಪುರಗಳು ಮುರಿದುಬಿದ್ದವು, ದೊಡ್ಡ ಕಲ್ಲಿದ್ದಲು ಸ್ಥಾವರವೊಂದು ಕಳಚಿಕೊಂಡಿತು, ಜಾಲದ ಆವೃತ್ತಿ ಕುಸಿಯಿತು. ಅಲ್ಲಿಂದ ದೂರದ ಕ್ಯಾನ್‌ಬೆರಾದಲ್ಲಿ ಸರ್ಕಾರಿ ಕೆಲಸದ 16 ಕಾರುಗಳು ಆ ಹೊತ್ತಿಗೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪ್ರಯೋಗದ ಭಾಗವಾಗಿ ಪ್ಲಗ್ಗಿನಲ್ಲಿದ್ದವು. ಯಾರ ಅಪ್ಪಣೆಗೂ ಕಾಯದೆ, ಕೆಲವೇ ಸೆಕೆಂಡುಗಳಲ್ಲಿ, ಅವು ಒಟ್ಟು 107 ಕಿಲೊವ್ಯಾಟ್‌ನಷ್ಟು ಬೆಂಬಲ ಕೊಟ್ಟವು. ಲಕ್ಷಾಂತರ ಮನೆ ಕತ್ತಲಾದ ದಿನ 107 ಕಿಲೊವ್ಯಾಟ್ ಏನೇನೂ ಅಲ್ಲ. ಆದರೆ ಮುಂಚಿತವಾಗಿ ಹೇಳಿ ಬಾರದ ಅಪಘಾತಕ್ಕೆ, ಮಾಮೂಲಿ ದಿನಚರಿಯ ನಡುವೆ ನಿಂತಿದ್ದ ಕಾರುಗಳು ಪ್ರತಿಕ್ರಿಯಿಸಿದವು ಎಂಬುದು ದಾಖಲಾಯಿತು.

ದರ, ಹೊತ್ತು ಮತ್ತು ಗುಂಪಿನ ನಡವಳಿಕೆ

ಹೊತ್ತಿಗೆ ತಕ್ಕ ವಿದ್ಯುತ್ ಎಂಬುದು ಕರ್ನಾಟಕದ ರೈತರಿಗೆ ಹೊಸ ಪಾಠವಲ್ಲ. ರಾಜ್ಯದ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳು ದಶಕಗಳಿಂದ ತ್ರೀ ಫೇಸ್ ಬರುವ ಹೊತ್ತಿಗೆ ತಕ್ಕಂತೆ ಓಡುತ್ತಿವೆ. ಉಳಿದವರ ಬೇಡಿಕೆ ತಗ್ಗಿದ ಮೇಲೆ ರಾತ್ರಿ ಕರೆಂಟು ಕೊಡುತ್ತಿದ್ದ ಕಾಲದಲ್ಲಿ ರೈತರು ಟಾರ್ಚ್ ಹಿಡಿದು, ಹಾವು ಚಿರತೆಗಳ ಭಯದಲ್ಲಿ ಮೋಟರ್ ಹಾಕಲು ಹೋಗುತ್ತಿದ್ದರು. ಸೌರವಿದ್ಯುತ್ ಹೆಚ್ಚಿದ ಮೇಲೆ ಹಲವು ಫೀಡರುಗಳ ಸರದಿ ಹಗಲಿಗೆ ಬಂದಿದೆ. ಅಷ್ಟು ದೊಡ್ಡ ಬೇಡಿಕೆಯನ್ನು ಬಿಸಿಲಿನ ಹೊತ್ತಿಗೆ ಎಳೆದು ತಂದ ಅನುಭವ ಇಲ್ಲಿಯ ವಿದ್ಯುತ್ ಸರಬರಾಜು ಕಂಪನಿಗಳಿಗೆ, ಅಂದರೆ ಎಸ್ಕಾಂಗಳಿಗೆ, ಇದೆ. ವಾಹನಗಳ ವಿಷಯದಲ್ಲಿ ಹೊರದೇಶದ ವರದಿಗಳನ್ನು ತಿರುವಿಹಾಕುವವರು ಈ ಅನುಭವವನ್ನು ಮರೆಯುವುದು ವಿಚಿತ್ರ.

ಆ ಅನುಭವ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕರೆಂಟು ಯಾವಾಗ ಬರುತ್ತದೋ ಎಂದು ಕಾಯಲಾರದ ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಂಡರು. ತ್ರೀ ಫೇಸ್ ಬಂದ ಕ್ಷಣವೇ ಫೀಡರಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟು ಮಾಮೂಲಿಯ ಐದಾರು ಪಟ್ಟು. ವೋಲ್ಟೇಜ್ ಬೀಳುತ್ತದೆ, ಫ್ಯೂಸ್ ಹಾರುತ್ತದೆ, ಟಿ.ಸಿ. ಸುಡುತ್ತದೆ. ಅಗ್ಗದ ದರ ರಾತ್ರಿ ಹತ್ತಕ್ಕೆ ಶುರುವೆಂದು ಗೊತ್ತಾದರೆ ಸಾವಿರಾರು ಕಾರುಗಳ ಟೈಮರ್ ಕೂಡ ಹತ್ತು ಗಂಟೆಗೇ ಇರುತ್ತದೆ. ಬ್ರಿಟನ್ 2022ರ ಜೂನ್ 30ರಿಂದ ಜಾರಿಗೆ ತಂದ ನಿಯಮದಲ್ಲಿ ಇದಕ್ಕೆ ಉಪಾಯವಿದೆ. ಅಲ್ಲಿ ಮಾರಾಟವಾಗುವ ಮನೆಯ ಚಾರ್ಜರ್ ಬೇಡಿಕೆಯ ಗರಿಷ್ಠ ಹೊತ್ತನ್ನು ತಾನಾಗಿಯೇ ತಪ್ಪಿಸುವಂತೆ ಹೊಂದಿಸಿರಬೇಕು, ಜೊತೆಗೆ ಚಾರ್ಜಿಂಗ್ ಶುರು ಮಾಡುವ ಮುನ್ನ ಹತ್ತು ನಿಮಿಷದೊಳಗಿನ ಯಾವುದೋ ಒಂದು ಯಾದೃಚ್ಛಿಕ ಅವಧಿ ಕಾಯಬೇಕು. ಮಾಲೀಕ ಬೇಡವೆಂದರೆ ಮೀರಬಹುದು, ಹೆಚ್ಚಿನವರು ಮೀರುವ ಗೋಜಿಗೆ ಹೋಗುವುದಿಲ್ಲ. ಜರ್ಮನಿ 2024ರ ಜನವರಿ 1ರಿಂದ ಹೊಸ ಚಾರ್ಜರುಗಳಿಗೆ ಇನ್ನೊಂದು ಬಗೆಯ ಒಪ್ಪಂದ ತಂದಿತು: ಬೀದಿಯ ಜಾಲಕ್ಕೆ ಒತ್ತಡವಾದಾಗ ಜಾಲದ ಸಂಸ್ಥೆ ಚಾರ್ಜರನ್ನು 4.2 ಕಿಲೊವ್ಯಾಟ್‌ವರೆಗೆ ತಗ್ಗಿಸಬಹುದು, ಪೂರ್ತಿ ನಿಲ್ಲಿಸುವ ಹಾಗಿಲ್ಲ. ಬದಲಿಗೆ ಗ್ರಾಹಕನಿಗೆ ಜಾಲದ ಶುಲ್ಕದಲ್ಲಿ ರಿಯಾಯಿತಿ.

ಭಾರತದಲ್ಲಿ 2023ರ ಜೂನ್‌ನಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೊತ್ತಿಗೊಂದು ದರವನ್ನು ಕಡ್ಡಾಯದ ದಾರಿಗೆ ತಂದವು. ಸೌರ ಗಂಟೆಗಳಲ್ಲಿ ಮಾಮೂಲಿಗಿಂತ ಶೇ. 10ರಿಂದ 20 ಕಡಿಮೆ, ಬೇಡಿಕೆ ಏರುವ ಗಂಟೆಗಳಲ್ಲಿ ಶೇ. 10ರಿಂದ 20 ಹೆಚ್ಚು. ಮನೆ ಬಳಕೆದಾರರಿಗೆ ಇದು ಸ್ಮಾರ್ಟ್ ಮೀಟರ್ ಬಂದ ಮೇಲಿನ ಮಾತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊರಡಿಸಿದ ಚಾರ್ಜಿಂಗ್ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ: ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು. ಎಂದರೆ ರಾತ್ರಿಯ ದರ ಹಗಲಿನ ಸುಮಾರು ಎರಡು ಪಟ್ಟು. ಯುರೋಪಿನಲ್ಲಿ ಅಗ್ಗದ ರಾತ್ರಿ, ಇಲ್ಲಿ ಅಗ್ಗದ ಮಧ್ಯಾಹ್ನ. ಹಾಗಾಗಿ ಬೆಂಗಳೂರಿನಂಥ ನಗರದಲ್ಲಿ ಮನೆಯ ಚಾರ್ಜರಿಗಿಂತ ಆಫೀಸಿನ ಪಾರ್ಕಿಂಗಿನ ಚಾರ್ಜರೇ ಜಾಲಕ್ಕೆ ಹೆಚ್ಚು ಬೇಕಾದದ್ದು. ಮುಂಗಾರಿನ ನಾಲ್ಕು ತಿಂಗಳು ಮಾತ್ರ ಈ ಸೂತ್ರ ಸಡಿಲವಾಗುತ್ತದೆ. ಚಿತ್ರದುರ್ಗ, ಗದಗದ ಕಡೆಯ ಗಾಳಿಯಂತ್ರಗಳು ಆಗ ರಾತ್ರಿಯೂ ಬಿರುಸಾಗಿ ತಿರುಗುತ್ತವೆ, ಬಿಸಿಲು ಮೋಡದ ಹಿಂದಿರುತ್ತದೆ, ಪಂಪ್‌ಸೆಟ್ಟುಗಳು ಸುಮ್ಮನಿರುತ್ತವೆ.

ದರದ ಸಂಕೇತ ಮುಟ್ಟದ ಜಾಗವೂ ಉಂಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯೊಳಗಿರುವ ಮನೆಗೆ ಬಿಲ್ಲೇ ಸೊನ್ನೆ. ಸ್ಕೂಟರಿಗೆ ತಿಂಗಳಿಗೆ ಬೇಕಾಗುವ ಮೂವತ್ತು ಯೂನಿಟ್ ಆ ಮಿತಿಯೊಳಗೆ ಕೂತರೆ, ಸಂಜೆ ಏಳರ ಬದಲು ಬೆಳಗ್ಗೆ ಹನ್ನೊಂದಕ್ಕೆ ಚಾರ್ಜ್ ಮಾಡಿ ಎಂದು ಹೇಳಲು ದರದಿಂದ ಸಾಧ್ಯವಿಲ್ಲ. ಅಲ್ಲಿ ಚಾರ್ಜರಿನ ಒಳಗೇ ಹೊತ್ತಿನ ಹೊಂದಾಣಿಕೆ ಬರಬೇಕು.

ಬಸ್ಸು, ಶಾಲಾ ವಾಹನ, ಬದಲಿ ಬ್ಯಾಟರಿ

ಭಾರತದ ವಿದ್ಯುತ್ ವಾಹನಗಳಲ್ಲಿ ಬಹುಪಾಲು ಎರಡು ಮತ್ತು ಮೂರು ಚಕ್ರದವು. ಸ್ಕೂಟರಿನ ಮೂರು ಯೂನಿಟ್ ಬ್ಯಾಟರಿಯಿಂದ ಜಾಲಕ್ಕೆ ವಿದ್ಯುತ್ ಹಿಂದಿರುಗಿಸುವುದು ಪೆಟ್ಟಿಗೆಯ ಖರ್ಚಿಗೂ ಗಿಟ್ಟದ ಕೆಲಸ. ಕಾರುಗಳ ಮೇಲೆ ಬೆಳೆದ ಯುರೋಪಿನ ಮಾದರಿಯನ್ನು ಇಲ್ಲಿ ಹಾಗೆಯೇ ಇಳಿಸಲಾಗದು. ಇಲ್ಲಿ ಕೈಗೆ ಸಿಗುವಂಥವು ಒಂದೇ ಮಾಲೀಕತ್ವದಡಿ ಗುಂಪಾಗಿ ನಿಲ್ಲುವ ವಾಹನಗಳು, ಗುಂಪಾಗಿ ಇರುವ ಬ್ಯಾಟರಿಗಳು.

ಬೆಂಗಳೂರಿನ ನಗರ ಸಾರಿಗೆ ಸಂಸ್ಥೆಯಾದ ಬಿಎಂಟಿಸಿಯ ಡಿಪೋ ಒಂದರಲ್ಲಿ 100 ವಿದ್ಯುತ್ ಬಸ್ಸುಗಳಿದ್ದು ಪ್ರತಿಯೊಂದಕ್ಕೂ ರಾತ್ರಿ 200 ಯೂನಿಟ್ ತುಂಬಿಸಬೇಕಾದರೆ ಒಟ್ಟು 20,000 ಯೂನಿಟ್. ಎಲ್ಲಕ್ಕೂ 120 ಕಿಲೊವ್ಯಾಟ್ ಗನ್ ಒಟ್ಟಿಗೆ ಸಿಕ್ಕಿಸಿದರೆ 12 ಮೆಗಾವ್ಯಾಟ್, ಆರು ಗಂಟೆಗೆ ಹಂಚಿದರೆ 3.3 ಮೆಗಾವ್ಯಾಟ್. ಡಿಪೋಗೆ ಎಳೆಯಬೇಕಾದ ಲೈನು, ಕಟ್ಟಬೇಕಾದ ಡಿಮ್ಯಾಂಡ್ ಚಾರ್ಜು ಎರಡೂ ಆ ಸರದಿಯ ಮೇಲೆ ನಿಂತಿವೆ. ಯಾವ ಬಸ್ಸು ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುತ್ತದೆ ಎಂಬುದು ಡಿಪೋ ಮ್ಯಾನೇಜರಿಗೆ ಹಿಂದಿನ ದಿನವೇ ಗೊತ್ತಿರುವುದರಿಂದ ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ.

ಅಮೆರಿಕದಲ್ಲಿ ದ್ವಿಮುಖ ಪದ್ಧತಿಗೆ ಹೇಳಿ ಮಾಡಿಸಿದಂತೆ ಕಂಡದ್ದು ಹಳದಿ ಶಾಲಾ ಬಸ್ಸು. ಮ್ಯಾಸಚೂಸೆಟ್ಸಿನ ಬೆವರ್ಲಿ ಊರಿನ ಒಂದು ಬಸ್ಸು 2021ರ ಬೇಸಿಗೆ ರಜೆಯಲ್ಲಿ ಸುಮಾರು 3,000 ಯೂನಿಟ್ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಶಾಲೆಗಳು 74 ಇಂಥ ಬಸ್ಸುಗಳನ್ನು ಇಳಿಸಿದವು. ನಮ್ಮ ಶಾಲಾ ವಾಹನಗಳು ಬಹುತೇಕ ಡೀಸೆಲ್‌ನವೇ. ಆದರೆ ಅವುಗಳ ದಿನಚರಿಯನ್ನು ನೋಡಿದರೆ ಬೆಳಗ್ಗೆ ಹತ್ತರಿಂದ ಮೂರರವರೆಗೆ ನಿಂತಿರುತ್ತವೆ, ಸಂಜೆ ಆರರ ನಂತರ ಮತ್ತೆ ನಿಂತಿರುತ್ತವೆ, ಏಪ್ರಿಲ್ ಮತ್ತು ಮೇ ತಿಂಗಳ ರಜೆಯಲ್ಲಂತೂ ಅಲುಗಾಡುವುದಿಲ್ಲ. ರಾಜ್ಯದಲ್ಲಿ ವಿದ್ಯುತ್ ಬಿಗಿಯಾಗುವ ತಿಂಗಳುಗಳಲ್ಲಿ ಅವೂ ಸೇರಿವೆ.

ಬದಲಿ ಬ್ಯಾಟರಿ ಕೇಂದ್ರಗಳಲ್ಲಿ ಹತ್ತಾರು ಬ್ಯಾಟರಿಗಳು ಕಪಾಟಿನಲ್ಲೇ ಚಾರ್ಜ್ ಆಗುತ್ತಿರುವುದರಿಂದ ಸವಾರನನ್ನು ಕೇಳುವ ಪ್ರಶ್ನೆಯೇ ಇಲ್ಲ. ತೈವಾನಿನ ಗೊಗೊರೊ ಕಂಪನಿಯ ಸ್ಕೂಟರ್ ಬ್ಯಾಟರಿ ಕೇಂದ್ರಗಳು ಜಾಲದ ಆವೃತ್ತಿ ಕುಸಿದಾಗ ಚಾರ್ಜಿಂಗ್ ನಿಲ್ಲಿಸುವಂತೆ ಮಾಡಲಾಗಿದೆ. ಬೆಂಗಳೂರಿನಲ್ಲಿ ಆಟೋಗಳಿಗೆ ಬದಲಿ ಬ್ಯಾಟರಿ ಕೊಡುವ ಸನ್ ಮೊಬಿಲಿಟಿಯನ್ನು ಕಟ್ಟಿದವರಲ್ಲಿ ಒಬ್ಬರು ರೇವಾ ಕಾರನ್ನು ತಂದ ಚೇತನ್ ಮೈನಿ. ಇಂಥ ಕೇಂದ್ರಗಳು ಹೆಚ್ಚಿದಂತೆ, ಮಧ್ಯಾಹ್ನ ತುಂಬಿಸಿಟ್ಟು ಸಂಜೆ ಚಾರ್ಜಿಂಗ್ ನಿಲ್ಲಿಸುವುದು ಅವುಗಳ ಲಾಭದ ಲೆಕ್ಕಕ್ಕೇ ಒಗ್ಗುತ್ತದೆ.

ಬ್ಯಾಟರಿಯ ಆಯುಷ್ಯ, ಸುರಕ್ಷತೆ, ಲೆಕ್ಕಪತ್ರ

ಬ್ಯಾಟರಿಯನ್ನು ಜಾಲಕ್ಕಾಗಿ ಹೆಚ್ಚುವರಿ ಖಾಲಿ ಮಾಡಿ ತುಂಬಿಸಿದರೆ ಆಯುಷ್ಯ ಕಡಿಮೆಯಾಗದೇ ಎಂಬುದು ಯಾವ ಮಾಲೀಕನಾದರೂ ಕೇಳುವ ಮೊದಲ ಪ್ರಶ್ನೆ. 2017ರಲ್ಲಿ ಎರಡು ಸಂಶೋಧನೆಗಳು ತದ್ವಿರುದ್ಧ ಉತ್ತರ ಕೊಟ್ಟವು. ಹವಾಯಿ ವಿಶ್ವವಿದ್ಯಾಲಯದ ಮ್ಯಾಥ್ಯೂ ಡುಬಾರಿಯವರ ತಂಡ ಬ್ಯಾಟರಿ ಬೇಗ ಸೊರಗುತ್ತದೆ ಎಂದಿತು. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಕೊತುಬ್ ಉದ್ದಿನ್ ಅವರ ತಂಡ, ಜಾಣತನದಿಂದ ಮಾಡಿದರೆ ಆಯುಷ್ಯ ಹೆಚ್ಚಲೂಬಹುದು ಎಂದಿತು. ಇಬ್ಬರೂ ಮರುವರ್ಷ ಒಟ್ಟಿಗೆ ಕೂತು ಬರೆದ ಪ್ರಬಂಧದಲ್ಲಿ ವ್ಯತ್ಯಾಸ ಬಿಡಿಸಿಕೊಂಡಿತು. ಲಿಥಿಯಂ ಬ್ಯಾಟರಿ ಬಳಸಿದಾಗಲೂ ಸವೆಯುತ್ತದೆ, ಬಳಸದೆ ಇಟ್ಟಾಗಲೂ ಹಳತಾಗುತ್ತದೆ. ಶೇ. 100 ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಎರಡನೆಯದು ಜೋರು. ಬೆಲೆ ಸಿಕ್ಕಾಗಲೆಲ್ಲ ಕಣ್ಣುಮುಚ್ಚಿ ಖಾಲಿ ಮಾಡಿದರೆ ನಷ್ಟ. ತುಂಬಿ ತುಳುಕುವ ಬ್ಯಾಟರಿಯನ್ನು ನಡುಮಟ್ಟಕ್ಕೆ ಇಳಿಸಿ ಇಡುವ ಹಾಗೆ ಬಳಸಿದರೆ ನಷ್ಟ ಅಲ್ಪ. ಆವೃತ್ತಿ ನಿಯಂತ್ರಣದಂಥ ಸೇವೆಯಲ್ಲಿ ಬ್ಯಾಟರಿ ಒಳಗೂ ಹೊರಗೂ ಸ್ವಲ್ಪ ಸ್ವಲ್ಪ ಮಾತ್ರ ಉಸಿರಾಡುವುದರಿಂದ ಸವೆತ ಇನ್ನೂ ಕಡಿಮೆ. ಆದರೆ ಹೋಗಿಬರುವ ದಾರಿಯಲ್ಲಿ ಸೋರಿಕೆ ತಪ್ಪದು. ಎ.ಸಿ.ಯಿಂದ ಡಿ.ಸಿ.ಗೆ, ಮತ್ತೆ ಎ.ಸಿ.ಗೆ ಬದಲಾಗುವಷ್ಟರಲ್ಲಿ ನೂರು ಯೂನಿಟ್ಟಿಗೆ ಹದಿನೈದಿಪ್ಪತ್ತು ಯೂನಿಟ್ ಬಿಸಿಯಾಗಿ ಹೋಗುತ್ತದೆ. ಸಂಜೆಯ ದರ ಹಗಲಿನದಕ್ಕಿಂತ ಇಷ್ಟಾದರೂ ಹೆಚ್ಚಿರದಿದ್ದರೆ ವ್ಯಾಪಾರವೇ ಇಲ್ಲ.

ಇದಕ್ಕೆಲ್ಲ ಮುಂಚೆ ಇತ್ಯರ್ಥವಾಗಬೇಕಾದದ್ದು ಲೈನ್‌ಮನ್‌ನ ಜೀವ. ಕಂಬ ಹತ್ತುವ ಮುನ್ನ ಆತ ಸಬ್‌ಸ್ಟೇಷನ್ನಿನಿಂದ ಎಲ್.ಸಿ., ಅಂದರೆ ಲೈನ್ ಕ್ಲಿಯರ್, ಪಡೆಯುತ್ತಾನೆ. ಮೇಲಿನಿಂದ ಕರೆಂಟು ನಿಂತಿದೆ ಎಂಬ ಖಾತರಿ ಅದು. ಕೆಳಗಿನ ಯಾವುದೋ ಮನೆಯ ಜನರೇಟರಿನಿಂದ ಲೈನಿಗೆ ಹಿಂದಿನಿಂದ ಕರೆಂಟು ನುಗ್ಗಿದರೆ ಆ ಖಾತರಿಗೆ ಬೆಲೆಯಿಲ್ಲ. ಜಾಲಕ್ಕೆ ವಿದ್ಯುತ್ ಕೊಡುವ ವಾಹನ, ಜಾಲ ಸತ್ತ ಕೂಡಲೇ ತಾನೂ ಕಳಚಿಕೊಳ್ಳಲೇಬೇಕು. ಮನೆಗೆ ಮಾತ್ರ ಕೊಡುವುದಾದರೆ ಮೊದಲು ಮನೆಯನ್ನು ಜಾಲದಿಂದ ಬೇರ್ಪಡಿಸುವ ಸ್ವಿಚ್ ಬೀಳಬೇಕು. ಚಾವಣಿ ಸೌರಫಲಕದ ಇನ್ವರ್ಟರುಗಳಿಗೆ ಈ ಕಟ್ಟಳೆ ಈಗಾಗಲೇ ಇದೆ, ಗೋಡೆಗೆ ಕೂರಿಸಿದ ಪೆಟ್ಟಿಗೆಯನ್ನು ಒಮ್ಮೆ ಪರೀಕ್ಷಿಸಿ ಸೀಲ್ ಹಾಕಬಹುದು. ಇನ್ವರ್ಟರ್ ಕಾರಿನೊಳಗೇ ಇದ್ದರೆ ಇಂದು ತುಮಕೂರಿನ ಪ್ಲಗ್ಗು, ನಾಳೆ ಹೊಸೂರಿನ ಪ್ಲಗ್ಗು. ಪರೀಕ್ಷೆ ಮಾಡಿದ್ದು ಯಾರು, ಅನುಮತಿ ಯಾವ ಎಸ್ಕಾಂನದ್ದು ಎಂಬುದು ತೊಡಕು. ಕಾರಿನಿಂದ ನೇರವಾಗಿ ಮಿಕ್ಸಿ ಅಥವಾ ಡ್ರಿಲ್ ಓಡಿಸುವ ಸೌಲಭ್ಯ ಟಾಟಾ ನೆಕ್ಸಾನ್‌ನಂಥ ಭಾರತೀಯ ಕಾರುಗಳಲ್ಲೂ ಬಂದಿದೆ. ಅದು ಜಾಲವನ್ನು ಮುಟ್ಟುವುದಿಲ್ಲವಾದ್ದರಿಂದ ಈ ಅನುಮತಿಗಳ ತಕರಾರಿಲ್ಲ.

ಲೆಕ್ಕಪತ್ರದ ತೊಡಕು ಇನ್ನೂ ಲೌಕಿಕವಾದದ್ದು. ಚಾವಣಿ ಸೌರವಿದ್ಯುತ್ತಿನ ನೆಟ್ ಮೀಟರಿಂಗ್‌ನಲ್ಲಿ ಕೊಟ್ಟದ್ದೂ ಪಡೆದದ್ದೂ ಒಂದೇ ಆರ್.ಆರ್. ನಂಬರಿನ, ಅಂದರೆ ಒಂದೇ ಗ್ರಾಹಕ ಖಾತೆಯ, ಮೀಟರಿನಲ್ಲಿ ದಾಖಲಾಗುತ್ತವೆ. ಉದ್ಯೋಗಿಯೊಬ್ಬಳು ಮನೆಯ ದರದಲ್ಲಿ ತುಂಬಿಸಿಕೊಂಡ ವಿದ್ಯುತ್ತನ್ನು ಸಂಜೆ ಟೆಕ್ ಪಾರ್ಕಿನಲ್ಲಿ ನಿಂತಾಗ ಜಾಲಕ್ಕೆ ಕೊಟ್ಟರೆ, ಅದು ಓಡುವುದು ಆ ಕಟ್ಟಡದ ಎಚ್.ಟಿ., ಅಂದರೆ ಹೈಟೆನ್ಷನ್, ಮೀಟರಿನಲ್ಲಿ. ಜಮೆ ಕಟ್ಟಡದ ಮಾಲೀಕನಿಗೋ, ಚಾರ್ಜರ್ ಕಂಪನಿಗೋ, ಕಾರಿನವಳಿಗೋ ಎಂಬುದನ್ನು ತೀರ್ಮಾನಿಸಲು ಚಾರ್ಜರಿನೊಳಗಿನ ಅಳತೆಯನ್ನೇ ಕಾನೂನು ಮೀಟರೆಂದು ಒಪ್ಪಬೇಕಾಗುತ್ತದೆ, ಯೂನಿಟ್ಟನ್ನು ಕಟ್ಟಡದ ಬದಲು ವಾಹನದ ಖಾತೆಗೆ ಬರೆಯುವ ದಾರಿ ಬೇಕಾಗುತ್ತದೆ.